ಕಬ್ಬಿಣದ ಪೆಟ್ಟಿಗೆಯೊಳಗಿನ ದುರ್ಗಂಧ

ವರಮಹಾಲಕ್ಷ್ಮೀ ವ್ರತದ ಹಿಂದುಮುಂದಿನ ವಾರಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಪ್ರತಿವರ್ಷವೂ ತಪ್ಪದೆ ಇರುತ್ತದೆ. ಕಲಶಕ್ಕೆಂದು ಬೆಳ್ಳಿಯ ಚೊಂಬನ್ನೂ ದೀಪದ ಕಂಬಗಳನ್ನೂ ತೆಗೆಯಲು ತಿಜೋರಿಯ ಬಾಗಿಲು ತೆರೆದೆವು, ಇಲಿ ಸತ್ತ ನಾತ ಮುಖಕ್ಕೆ ಬಡಿಯಿತು. ಇಲಿಯನ್ನು ಹುಡುಕಿ ತೆಗೆದು ಹೊರಗೆ ಹಾಕಿದೆವು, ಫಿನಾಯಿಲು ಹಾಕಿ ಒರಸಿದೆವು, ಊದುಬತ್ತಿ ಹಚ್ಚಿಟ್ಟೆವು, ಆದರೂ ನಾತ ಹೋಗಿಲ್ಲ, ಮುಂದೇನು ಮಾಡಬೇಕು ಎಂಬುದು ಆ ಪ್ರಶ್ನೆ. ವಿಷಯ ಕ್ಷುದ್ರವೆಂದು ಕೆಲವರಿಗೆ ತೋರೀತು. ಆದರೆ ಒಂದು ಸಂಸಾರವು ಕಳೆದುಕೊಳ್ಳಲಾರದುದೆಲ್ಲ, ಜಮೀನಿನ ಕ್ರಯಪತ್ರ, ಅಣ್ಣತಮ್ಮಂದಿರ ಪಾಲುಪಟ್ಟಿ, ಮಕ್ಕಳ ಜಾತಕ, ತಾಯಿಯ ಧಾರೆಸೀರೆ, ಇವೆಲ್ಲವೂ ಆ ನಾಲ್ಕು ಗೋಡೆಗಳ ನಡುವೆಯೇ ಇರತಕ್ಕವು. ಅವನ್ನು ಮುಟ್ಟಲು ಮನಸ್ಸು ಹಿಂಜರಿಯುವಂತಾದರೆ ಅದು ಅಲ್ಪವಾದ ಕಷ್ಟವಲ್ಲ. ಆದಕಾರಣ ಈ ವಾರದ ಅಂಕಣವನ್ನು ಈ ಪ್ರಶ್ನೆಗೇ ಮೀಸಲಿಡುತ್ತೇನೆ.

ನನ್ನ ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ನಾತವೆಂಬುದು ಒಂದು ದ್ರವ್ಯ. ಅದನ್ನು ಅಲ್ಲಿಂದ ತೆಗೆಯಬೇಕೇ ಹೊರತು ಅದರ ಮೇಲೆ ಮತ್ತೊಂದು ಪರಿಮಳವನ್ನು ಹೊದಿಸಬಾರದು. ಪ್ರಾಣ ಹೋದ ದೇಹದಲ್ಲಿ ಸೂಕ್ಷ್ಮಜೀವಿಗಳು ಮಾಂಸವನ್ನು ಒಡೆಯುತ್ತ ಹೋದಂತೆ ಬೇರೆಬೇರೆ ಸ್ವಭಾವದ ವಸ್ತುಗಳು ಹುಟ್ಟುತ್ತವೆ. 1885ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಬ್ರೀಗರ್ ಎಂಬಾತನು ಕೊಳೆತ ಮಾಂಸದಿಂದ ಎರಡು ವಸ್ತುಗಳನ್ನು ಬೇರ್ಪಡಿಸಿ ಪ್ಯುಟ್ರೆಸೀನ್, ಕೆಡಾವರೀನ್ ಎಂದು ಹೆಸರಿಟ್ಟನು, ಇವೆರಡೂ ಕ್ಷಾರಸ್ವಭಾವದವು. ಇವುಗಳ ಜೊತೆಗೆ ಕೊಬ್ಬು ಒಡೆದು ಹುಟ್ಟುವ, ಹಳಸಿದ ಬೆಣ್ಣೆಯ ವಾಸನೆಯುಳ್ಳ ಆಮ್ಲಗಳಿರುತ್ತವೆ; ಮತ್ತು ಎಲ್ಲಕ್ಕಿಂತ ಉಗ್ರವಾಗಿ, ಗಂಧಕವನ್ನೊಳಗೊಂಡ ಅನಿಲಗಳಿರುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಈ ಕುಲಕ್ಕೆ ಸೇರಿದ್ದು. ನೂರು ಕೋಟಿ ಪಾಲು ಗಾಳಿಯಲ್ಲಿ ಅದು ಕೆಲವೇ ಪಾಲಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಕ್ಷಾರಕ್ಕೆ ಆಮ್ಲವು ಮದ್ದು, ಆಮ್ಲಕ್ಕೆ ಕ್ಷಾರವು ಮದ್ದು, ಅನಿಲಕ್ಕೆ ಗಾಳಿಯೂ ಇದ್ದಿಲೂ ಮದ್ದು. ಯಾವುದೋ ಒಂದೇ ಸೀಸೆಯ ದ್ರವವು ಈ ಮೂರನ್ನೂ ಒಮ್ಮೆಗೇ ನಿವಾರಿಸೀತೆಂದು ನಿರೀಕ್ಷಿಸುವುದರಿಂದಲೇ ಬಹುಮಂದಿಗೆ ನಿರಾಶೆಯಾಗುತ್ತದೆ.

ತೋಟದಲ್ಲಿ ಸತ್ತ ಇಲಿಯ ವಾಸನೆಯನ್ನು ನಾವು ಬಹಳ ದಿನ ಸಹಿಸಬೇಕಾಗುವುದಿಲ್ಲ. ಕಾಗೆ ಕಚ್ಚಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ನೊಣದ ಹುಳುಗಳೂ ಇರುವೆಗಳೂ ಕೂಡಿ ಮಾಂಸವನ್ನು ಮುಗಿಸಿಬಿಡುತ್ತವೆ. ಬಿಸಿಲು ಉಳಿದುದನ್ನು ಒಣಗಿಸುತ್ತದೆ, ಗಾಳಿ ವಾಸನೆಯನ್ನು ಒಯ್ಯುತ್ತದೆ. ತಿಜೋರಿಯೊಳಗೆ ಈ ಪರಿಚಾರಕರಲ್ಲಿ ಒಬ್ಬರಿಗೂ ಪ್ರವೇಶವಿಲ್ಲ. ಅಲ್ಲಿ ಕೆಲಸಮಾಡುವವು ಸೂಕ್ಷ್ಮಜೀವಿಗಳು ಮಾತ್ರ, ಅದರಲ್ಲಿಯೂ ಗಾಳಿಯಿಲ್ಲದೆ ಬದುಕುವ ಜಾತಿಯವು; ಅವುಗಳ ಕೆಲಸ ನಿಧಾನ, ನಾತ ಹೆಚ್ಚು. ಇದರ ಮೇಲೆ ಬೆಂಕಿಯಿಂದ ರಕ್ಷಿಸಲೆಂದು ಮಾಡಿದ ಪೆಟ್ಟಿಗೆಗಳ ಗೋಡೆ ಎರಡು ಪದರದ್ದು. ಲಿವರ್‌ಪೂಲಿನ ಥಾಮಸ್ ಮಿಲ್ನರ್ 1840ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯಲ್ಲಿ ಈ ಪದರಗಳ ನಡುವೆ ಕಾದಾಗ ನೀರಾವಿಯನ್ನು ಬಿಡುವ ಪದಾರ್ಥವನ್ನು ತುಂಬಿದ್ದನು. ಮುಂದೆ ಹಲವರು ಅದೇ ಉದ್ದೇಶಕ್ಕೆ ಜಿಪ್ಸಮ್ಮನ್ನು ಬಳಸಿದರು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಆಗಿದ್ದು, ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗಿನ ಕಾಗದವನ್ನು ಕಾಯುತ್ತದೆ. ನಮ್ಮ ದೇಶದಲ್ಲಿ ಗೋದ್ರೆಜ್ ಕಂಪನಿಯವರು 1902ರಿಂದ ತಿಜೋರಿಗಳನ್ನು ಮಾಡತೊಡಗಿದರು. 1944ರ ಏಪ್ರಿಲಿನಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಮಹಾಸ್ಫೋಟವಾದಾಗ ಬೆಂಕಿಗೆ ಸಿಕ್ಕಿಯೂ ಅವುಗಳೊಳಗಿನ ವಸ್ತುಗಳು ಉಳಿದವೆಂಬ ಖ್ಯಾತಿ ಅವಕ್ಕೆ ಬಂದಿತು. ಒಳಗಿನದನ್ನು ಹೊರಗೆ ಬಿಡದ, ಹೊರಗಿನದನ್ನು ಒಳಗೆ ಬಿಡದ ಈ ಗುಣವೇ ನಮ್ಮ ಸಂದರ್ಭದಲ್ಲಿ ತೊಡಕಾಗುತ್ತದೆ. ಒಳಗಿನ ತೇವ ಹೊರಗೆ ಹೋಗದು. ತಳಕ್ಕೆ ಅಂಟಿಸಿದ ಮಖಮಲ್ಲು, ಮರದ ಖಾನೆ, ಕಾಗದದ ಕಟ್ಟು ಇವೆಲ್ಲ ಆ ತೇವದೊಡನೆ ನಾತವನ್ನೂ ಹೀರುತ್ತವೆ. ಬೆಳ್ಳುಳ್ಳಿ ಅರೆದ ಒರಳುಕಲ್ಲನ್ನು ಎಷ್ಟು ತೊಳೆದರೂ ಮರುದಿನದ ಹಿಟ್ಟಿಗೆ ಅದರ ವಾಸನೆ ತಗಲುವಂತೆ, ಇಲಿ ಹೋದ ಮೇಲೆಯೂ ಈ ರಂಧ್ರಮಯ ವಸ್ತುಗಳು ತಾವು ಹೀರಿದ್ದನ್ನು ಬಹುಕಾಲ ಬಿಡುತ್ತಿರುತ್ತವೆ.

ತೀರ್ಥಹಳ್ಳಿಯ ಕಡೆಯ ನನ್ನ ಸೋದರತ್ತೆಯವರ ಮನೆಯಲ್ಲಿ ಇಂಥದೊಂದು ಪೆಟ್ಟಿಗೆಯನ್ನು ಶುದ್ಧಿಮಾಡುವ ಕೆಲಸದಲ್ಲಿ ನಾನು ಪಾಲುಗೊಂಡಿದ್ದೆನಾಗಿ ಈ ವಿಷಯ ಕೇವಲ ಪುಸ್ತಕದ ಮಾತಾಗಿ ಉಳಿದಿಲ್ಲ. ಮಲೆನಾಡಿನ ಮಳೆಗಾಲ, ನಡುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ, ಎರಡಾಳು ಎತ್ತಲಾರದ ಪೆಟ್ಟಿಗೆ. ಅದರೊಳಗೆ ನಾನು ಕಂಡದ್ದರಲ್ಲಿ ಮನಸ್ಸಿನಲ್ಲಿ ನಿಂತಿರುವುದು ಬೆಳ್ಳಿಯ ಸಾಮಾನು. ರೇಷ್ಮೆಯ ವಸ್ತ್ರದಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ ಪಂಚಪಾತ್ರೆಯು ಹೆಚ್ಚುಕಡಮೆ ಬೆಳ್ಳಗೇ ಇತ್ತು. ಪಕ್ಕದಲ್ಲಿ ಬರಿದೇ ಇಟ್ಟಿದ್ದ ಕುಂಕುಮದ ಬಟ್ಟಲು ಅಂಚಿನಲ್ಲಿ ಹಳದಿ, ಅದರಿಂದ ಕೆಳಗೆ ಕಂದು, ತಳದಲ್ಲಿ ನೇರಳೆ ಬೆರೆತ ಕಪ್ಪಾಗಿ ಬಣ್ಣಬಣ್ಣದ ಪಟ್ಟೆಗಳಿಂದ ಕೂಡಿತ್ತು. ಅದೇ ಖಾನೆಯ ಬಂಗಾರದ ಬಳೆಗಳಿಗೆ ಏನೂ ಆಗಿರಲಿಲ್ಲ. “ಇದೇನೋ ಹೀಗಾಗಿದೆ, ಬೆಳ್ಳಿಯೇ ಅಲ್ಲವೇನೋ ಇದು?” ಎಂದು ಅತ್ತೆ ಗಾಬರಿಗೊಂಡರು. “ಬೆಳ್ಳಿಯಾಗಿರುವುದರಿಂದಲೇ ಹೀಗಾಗಿದೆ ಅತ್ತೆ” ಎಂದು ನಾನು ಹೇಳಬೇಕಾಯಿತು. ಗಂಧಕದ ಅನಿಲವು ಬೆಳ್ಳಿಯೊಡನೆ ಕೂಡಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡಿನ ತೆಳುಪೊರೆಯಾಗುತ್ತದೆ. ಪೊರೆ ದಪ್ಪವಾದಂತೆ ಹಳದಿ ಕಂದಾಗಿ, ಕಂದು ಕಪ್ಪಾಗುತ್ತದೆ. ಬೆಳ್ಳಿಯು ಸಾಧಾರಣವಾದ ಗಾಳಿಯಲ್ಲಿಯೂ ನಿಧಾನವಾಗಿ ಕಪ್ಪಾಗುವುದುಂಟು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದೇ ಋತುವಿನಲ್ಲಿ ಇಷ್ಟಾಗಿದ್ದರೆ, ಅಲ್ಲಿನ ಗಾಳಿಯಲ್ಲಿ ಏನಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನು ಕ್ರಮವನ್ನು ಹೇಳುತ್ತೇನೆ. ಮೊದಲನೆಯದಾಗಿ ಇಲಿಯ ಕಳೇಬರ ಎಲ್ಲಿದೆಯೆಂದು ನಿಶ್ಚಯವಾಗಬೇಕು. ನಾತ ಪೆಟ್ಟಿಗೆಯೊಳಗಿದೆಯೆಂದಮಾತ್ರಕ್ಕೆ ಇಲಿಯೂ ಅಲ್ಲಿಯೇ ಇರಬೇಕೆಂದಿಲ್ಲ. ಪೆಟ್ಟಿಗೆಯನ್ನು ಗೋಡೆಗೋ ನೆಲಕ್ಕೋ ಬಿಗಿಯಲು ಹಿಂಬದಿಯಲ್ಲಿಯೂ ತಳದಲ್ಲಿಯೂ ಬೋಲ್ಟಿನ ತೂತುಗಳಿರುತ್ತವೆ; ಬೋಲ್ಟು ಹಾಕದೆ ಬಿಟ್ಟಿದ್ದರೆ ಇಲಿಗೆ ಅದೇ ಹೆಬ್ಬಾಗಿಲು. ಕಬ್ಬಿಣದ ಬೀರುಗಳಲ್ಲಿ ಕೆಳಗಿನ ಖಾನೆಯ ಹಲಗೆಗೂ ತಳಕ್ಕೂ ನಡುವೆ ಪೊಳ್ಳು ಜಾಗವಿರುತ್ತದೆ. ಒಳಗಿನ ಲಾಕರಿನ ಬೆನ್ನಿಗೂ ಬೀರುವಿನ ಬೆನ್ನಿಗೂ ನಡುವೆ ಸಂದಿಯಿರುತ್ತದೆ. ಗುಪ್ತಖಾನೆಯ ಹಿಂದೆ ಇನ್ನೊಂದು. ಅತ್ತೆಯವರ ಪೆಟ್ಟಿಗೆಯಲ್ಲಿ ಇಲಿಯಿದ್ದುದು ಒಳಗಲ್ಲ, ತಳದ ತಗಡಿಗೂ ಅದನ್ನು ಹೊತ್ತ ಮರದ ಪೀಠಕ್ಕೂ ನಡುವೆ. ನಾತ ಮಾತ್ರ ತಳದ ತೂತಿನಿಂದ ಮೇಲೇರಿ ಒಳಗೆ ಸೇರುತ್ತಿತ್ತು. ಸಂಶಯವಿದ್ದರೆ ಪೆಟ್ಟಿಗೆಯನ್ನು ಪೂರ್ತಿ ಬರಿದುಮಾಡಿ, ಒಗೆದು ಒಣಗಿಸಿದ ಹತ್ತಿಯ ಬಟ್ಟೆಯ ತುಂಡುಗಳನ್ನು ಒಂದೊಂದು ಖಾನೆಯಲ್ಲಿಯೂ, ಪೆಟ್ಟಿಗೆಯ ಹಿಂದೆಯೂ ಅಡಿಯಲ್ಲಿಯೂ ಇಟ್ಟು, ಬಾಗಿಲು ಹಾಕಿ, ಮರುದಿನ ಒಂದೊಂದನ್ನೇ ಅಂಗಳಕ್ಕೆ ಒಯ್ದು ಮೂಸಿನೋಡಬೇಕು. ಈ ಪರೀಕ್ಷೆಯನ್ನು ಹೊರಗಿನಿಂದ ಬಂದ ಒಬ್ಬರಿಂದ ಮಾಡಿಸುವುದು ಉತ್ತಮ. ಏಕೆಂದರೆ ನಾತದ ನಡುವೆಯೇ ಇರುವವರ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗಿ, ಇರುವುದನ್ನು ಇಲ್ಲವೆಂದು ಹೇಳತೊಡಗುತ್ತದೆ.

ಕಳೇಬರವನ್ನು ಬರಿಗೈಯಲ್ಲಿ ಮುಟ್ಟಕೂಡದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಿಂದ ಮನೆಯಲ್ಲಿ ಇಲಿ ಬಿತ್ತೆಂದರೆ ಊರೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯರು, ಆ ಭಯದ ಕಾರಣವನ್ನು ತಿಳಿಯದೆಯೂ ಸರಿಯಾದ ದಾರಿಯನ್ನೇ ಹಿಡಿದಿದ್ದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ತೋರಿಸಿಕೊಟ್ಟಂತೆ, ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ. ಇಲಿಯ ಮೈ ತಣ್ಣಗಾದೊಡನೆ ಅದು ಬೇರೊಂದು ಮೈಯನ್ನು ಹುಡುಕಿಕೊಂಡು ಹೊರಡುತ್ತದೆ. ಇಂದು ಪ್ಲೇಗಿನ ಆತಂಕವಿಲ್ಲ. ಆದರೆ ಕರಾವಳಿ ಮಲೆನಾಡುಗಳ ಮಳೆಗಾಲದ ಇಲಿಜ್ವರ ಇಂದಿಗೂ ಇದೆ, ಅದರ ರೋಗಾಣು ಇಲಿಯ ಮೂತ್ರದಲ್ಲಿದ್ದು ಕೈಯ ಸಣ್ಣ ಗಾಯದ ಮೂಲಕ ಒಳಗೆ ಹೋಗಬಲ್ಲದು. ರಬ್ಬರಿನ ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಕಳೇಬರವನ್ನೂ ಹಿಕ್ಕೆಗಳನ್ನೂ ಮೊದಲು ಸಾಬೂನಿನ ನೀರಿನಿಂದ ನೆನೆಸಿ, ಕಾಗದದಲ್ಲಿ ಎತ್ತಿ, ಎರಡು ಚೀಲಗಳಲ್ಲಿ ಕಟ್ಟಿ ಸಾಗಿಸಬೇಕು, ಇಲ್ಲವೆ ಮೊಳದಾಳದ ಗುಂಡಿಯಲ್ಲಿ ಹೂಳಬೇಕು. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವುದು ಸರ್ವಥಾ ಸಲ್ಲದು.

ತರುವಾಯ ತೊಳೆಯುವ ಕೆಲಸ. ತಳಕ್ಕೆ ಅಂಟಿಸಿದ ಮಖಮಲ್ಲನ್ನು ಉಳಿಸಿಕೊಳ್ಳಬೇಕೆಂಬ ಆಸೆಯನ್ನು ಬಿಡಬೇಕು. ದ್ರವವು ಇಳಿದ ಬಟ್ಟೆಯನ್ನು ಯಾವ ಉಪಾಯವೂ ಶುದ್ಧಿಮಾಡಲಾರದು, ಕಿತ್ತು ಎಸೆಯುವುದೇ ಸರಿ. ಬರಿದಾದ ಕಬ್ಬಿಣವನ್ನು ಬಟ್ಟೆಗೆ ಹಾಕುವ ಸಾಬೂನಿನ ಬೆಚ್ಚನೆಯ ನೀರಿನಿಂದ ಉಜ್ಜಿ, ಜಿಡ್ಡು ಹೋದ ಮೇಲೆ ಅಂಗಡಿಯಲ್ಲಿ ಸಿಗುವ ಬಿಳಿಯ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ವಿನಿಗರ್‌ನ ಆಮ್ಲವು ಬ್ರೀಗರನು ಹೆಸರಿಟ್ಟ ಆ ಕ್ಷಾರಗಳೊಡನೆ ಕೂಡಿ ಅವನ್ನು ಲವಣವಾಗಿ ಮಾರ್ಪಡಿಸುತ್ತದೆ. ಲವಣವು ಗಾಳಿಗೆ ಏಳುವುದಿಲ್ಲ, ಏಳದುದು ಮೂಗಿಗೆ ತಲುಪುವುದಿಲ್ಲ. ನಿಂಬೆಯ ರಸವೂ ಇದನ್ನೇ ಮಾಡೀತು, ಆದರೆ ಅದರ ಅಂಟು ಉಳಿಯುತ್ತದೆ. ಆಮ್ಲವು ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ಬರಿಯ ನೀರಿನ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ತೇವವನ್ನು ಪೂರ್ಣವಾಗಿ ತೆಗೆಯಬೇಕು. ಮರುದಿನ ಅಡಿಗೆಸೋಡದ ನೀರಿನಿಂದ ಇನ್ನೊಮ್ಮೆ ಒರಸಿದರೆ ಕೊಬ್ಬಿನ ಆಮ್ಲಗಳೂ ತೊಲಗುತ್ತವೆ. ಇವೆರಡನ್ನೂ ಒಟ್ಟಿಗೆ ಬೆರಸಿ ಸುರಿಯುವವರಿದ್ದಾರೆ. ಬುಸ್ಸೆಂದು ಏಳುವ ನೊರೆಯನ್ನು ಕಂಡು ಅದರ ಶಕ್ತಿ ಇಮ್ಮಡಿಯಾಯಿತೆಂದು ಭಾವಿಸುತ್ತಾರೆ. ವಸ್ತುತಃ ಅಲ್ಲಿ ಆಮ್ಲವೂ ಸೋಡವೂ ಒಂದನ್ನೊಂದು ತಿಂದುಹಾಕುತ್ತವೆ, ನಾತವನ್ನು ತಿನ್ನಲು ಯಾವುದೂ ಉಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದ ಎಚ್ಚರಿಕೆಯೊಂದುಂಟು: ಬ್ಲೀಚಿಂಗ್ ಪೌಡರಿನ ನೀರಿಗೆ ವಿನಿಗರನ್ನಾಗಲಿ, ಬೇರಾವ ಆಮ್ಲವನ್ನಾಗಲಿ ಎಂದಿಗೂ ಸೇರಿಸಬೇಡಿ. ಆಗ ಹೊರಡುವ ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುತ್ತದೆ. ತಲೆಯನ್ನು ಪೆಟ್ಟಿಗೆಯೊಳಗೆ ಹಾಕಿ ಉಜ್ಜುತ್ತಿರುವವರಿಗೆ ಅದು ಪ್ರಾಣಾಂತಿಕವಾಗಬಲ್ಲದು. ಬ್ಲೀಚಿಂಗ್ ಪೌಡರು ಕಬ್ಬಿಣವನ್ನು ಕೊರೆಯುವುದರಿಂದಲೂ ತಿಜೋರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಫಿನಾಯಿಲು, ಸಾಂಬ್ರಾಣಿ, ಪಚ್ಚಕರ್ಪೂರ, ನುಸಿಗುಳಿಗೆ ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇವು ನಾತವನ್ನು ಕಡಮೆ ಮಾಡುವುದಿಲ್ಲ, ಅದರೊಡನೆ ಸೇರುತ್ತವೆ. ನುಸಿಗುಳಿಗೆಯ ವಾಸನೆಯಂತೂ ಕಾಗದಕ್ಕೆ ಹತ್ತಿತೆಂದರೆ ವರ್ಷಗಟ್ಟಲೆ ಬಿಡದು.

ಇದ್ದಿಲಿನ ವಿಷಯದಲ್ಲಿ ಮಾತ್ರ ನನಗೆ ವಿಶೇಷವಾದ ಗೌರವವಿದೆ. 1785ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಟೋವಿ ಲೋವಿಟ್ಸ್ ಎಂಬ ರಸಾಯನಜ್ಞನು ಇದ್ದಿಲಿಗೆ ದ್ರಾವಣಗಳ ಬಣ್ಣವನ್ನು ಹೀರುವ ಗುಣವುಂಟೆಂದು ಗುರುತಿಸಿದನು. ವಾಸನೆಯನ್ನು ಹೀರುವ ಗುಣವೂ ಮುಂದೆ ಪ್ರಸಿದ್ಧವಾಯಿತು. ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಯೋಗವು ನಡೆದುದು ಹತ್ತೊಂಬತ್ತನೆಯ ಶತಮಾನದ ನಡುವೆ. ಸ್ಕಾಟ್ಲೆಂಡಿನ ರಸಾಯನಜ್ಞ ಜಾನ್ ಸ್ಟೆನ್‌ಹೌಸ್ ಬರೆದಿಟ್ಟಿರುವಂತೆ, ಗ್ಲಾಸ್ಗೋದಲ್ಲಿದ್ದ ಅವನ ಮಿತ್ರನೊಬ್ಬನು ಸತ್ತ ಎರಡು ನಾಯಿಗಳನ್ನು ಮರದ ಪೆಟ್ಟಿಗೆಯಲ್ಲಿ ಕೆಲವು ಅಂಗುಲ ಇದ್ದಿಲ ಪುಡಿಯ ಮೇಲಿಟ್ಟು, ಮೇಲೆ ಅದೇ ಪುಡಿಯನ್ನು ಮುಚ್ಚಿ, ಪೆಟ್ಟಿಗೆಗೆ ಮುಚ್ಚಳವಿಲ್ಲದೆ ತನ್ನ ಪ್ರಯೋಗಶಾಲೆಯಲ್ಲಿಯೇ ಬಿಟ್ಟನು. ದುರ್ಗಂಧವು ಯಾರಿಗೂ ತಿಳಿಯಲಿಲ್ಲ. ಆರು ತಿಂಗಳ ತರುವಾಯ ನೋಡಿದಾಗ ಎಲುಬುಗಳ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ಇದರಿಂದ ಪ್ರೇರಿತನಾದ ಸ್ಟೆನ್‌ಹೌಸ್ 1854ರಲ್ಲಿ ಇದ್ದಿಲು ತುಂಬಿದ ಉಸಿರುಕವಚವನ್ನು ರಚಿಸಿದನು. ಇದ್ದಿಲಿನ ಒಳಗಿರುವ ಕಣ್ಣಿಗೆ ಕಾಣದ ರಂಧ್ರಗಳ ಗೋಡೆಗಳಿಗೆ ನಾತದ ಕಣಗಳು ಅಂಟಿಕೊಳ್ಳುವುದೇ ಇದರ ರಹಸ್ಯ; ಹದಮಾಡಿದ ಇದ್ದಿಲಿನ ಒಂದೇ ಗ್ರಾಮಿನಲ್ಲಿ ಈ ಒಳಮೈಯ ವಿಸ್ತಾರವು 500 ಚದರ ಮೀಟರಿಗೂ ಮೀರುತ್ತದೆ. ತೆಂಗಿನ ಕರಟದಿಂದ ತಯಾರಾದದ್ದು ಈ ಕೆಲಸಕ್ಕೆ ಶ್ರೇಷ್ಠ. ಅದು ದೊರೆಯದವರು ಒಲೆಯ ಇದ್ದಿಲನ್ನೇ ಕುಟ್ಟಿ, ಬಾಣಲೆಯಲ್ಲಿ ಬಿಸಿಮಾಡಿ ತೇವ ತೆಗೆದು, ಆರಿದ ಮೇಲೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಒಂದೊಂದು ಖಾನೆಗೆ ಒಂದರಂತೆ ಇಟ್ಟು ಬಾಗಿಲು ಹಾಕಲಿ. ವಾರಕ್ಕೊಮ್ಮೆ ಹೊಸದು ಹಾಕಲಿ. ಅತ್ತೆಯವರ ಮನೆಯಲ್ಲಿ ಹಗಲೆಲ್ಲ ಬಾಗಿಲು ತೆರೆದು ಬೀಸಣಿಗೆಯ ಗಾಳಿ ಬಿಟ್ಟು, ರಾತ್ರಿ ಇದ್ದಿಲನ್ನಿಟ್ಟು ಮುಚ್ಚುತ್ತ, ನಾತವು ಕ್ರಮಕ್ರಮವಾಗಿ ಇಳಿದುದನ್ನು ಕಂಡೆವು. ಮಳೆಗಾಲವಾದ್ದರಿಂದ ಅವಸರಕ್ಕೆ ಅಲ್ಲಿ ಎಡೆಯಿರಲಿಲ್ಲ.

ಕಾಗದಪತ್ರಗಳನ್ನು ಬಿಸಿಲಿಗೆ ಹಾಕುವವರಿಗೆ ನನ್ನದೊಂದು ಬಿನ್ನಹ: ದಯವಿಟ್ಟು ಹಾಕಬೇಡಿ. ಬಿಸಿಲಿಗೆ ಶಾಯಿ ಮಂಕಾಗುತ್ತದೆ, ಹಳೆಯ ಛಾಪಾಕಾಗದ ಮುರುಟುತ್ತದೆ. ನೆರಳಿನಲ್ಲಿ ಗಾಳಿಯಾಡುವ ಕಡೆ ಒಂದೊಂದು ಹಾಳೆಯನ್ನೂ ಬಿಡಿಸಿ ಹರಡಿ, ಅನಂತರ ಅಗಲವಾದ ಡಬ್ಬಿಯ ತಳದಲ್ಲಿ ಇದ್ದಿಲು ಅಥವಾ ಅಡಿಗೆಸೋಡದ ಬಟ್ಟಲನ್ನಿಟ್ಟು, ಮೇಲೆ ಜಾಲರಿಯಿಟ್ಟು, ಪುಡಿಯು ಹಾಳೆಗೆ ತಾಗದಂತೆ ಮುಚ್ಚಿಡಬೇಕು. ಕೆಲವು ವಾರಗಳಲ್ಲಿ ಫಲ ಕಾಣುತ್ತದೆ. ರೇಷ್ಮೆಸೀರೆಗೂ ಇದೇ ಕ್ರಮ. ಅದನ್ನು ಮಡಿಕೆ ಬದಲಿಸಿ ಹರಡಿ, ಅಂಚಿನ ಜರಿ ಮಂಕಾಗಿದೆಯೇ ಎಂದು ನೋಡಬೇಕು, ಏಕೆಂದರೆ ಬೆಳ್ಳಿಯ ಜರಿಗೆ ಆ ಕುಂಕುಮದ ಬಟ್ಟಲಿನ ಗತಿಯೇ ಒದಗುತ್ತದೆ. ಬಟ್ಟಲಿನ ಕಪ್ಪನ್ನು ಮಾತ್ರ ಸುಲಭವಾಗಿ ತೆಗೆಯಬಹುದು: ಪಾತ್ರೆಯ ತಳಕ್ಕೆ ಅಲ್ಯೂಮಿನಿಯಮ್ ಹಾಳೆ ಹಾಸಿ, ಬೆಳ್ಳಿಯು ಅದಕ್ಕೆ ತಾಗುವಂತೆ ಇಟ್ಟು, ಅಡಿಗೆಸೋಡ ಬೆರಸಿದ ಕುದಿನೀರನ್ನು ಸುರಿದರೆ ಗಂಧಕವು ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿನ ಕಡೆ ಹೋಗುತ್ತದೆ, ಬೆಳ್ಳಿಯ ಪದಾರ್ಥ ಸವೆಯುವುದಿಲ್ಲ. ಹರಳು ಕೂರಿಸಿದ ಒಡವೆಗಳಿಗೂ ಬೇಕೆಂದೇ ಕಪ್ಪುಕಟ್ಟಿಸಿದ ನಕಾಸಿಗೂ ಇದು ತಕ್ಕುದಲ್ಲ.

ಪೆಟ್ಟಿಗೆಯೊಳಗೆ ಮರದ ಖಾನೆಗಳಿದ್ದು ಅವುಗಳಿಂದಲೇ ನಾತ ಬರುತ್ತಿದ್ದರೆ, ಮರವನ್ನು ಉಜ್ಜುಕಾಗದದಿಂದ ಉಜ್ಜಿ ಚೆನ್ನಾಗಿ ಒಣಗಿಸಿ, ಬಡಗಿಗಳು ಸ್ಪಿರಿಟ್ಟಿನಲ್ಲಿ ಅರಗನ್ನು ಕರಗಿಸಿ ಮಾಡುವ ಪಾಲಿಶನ್ನು ಎರಡು ಸಲ ಬಳಿಸಬೇಕು. ಅರಗಿನ ಪೊರೆ ಒಳಗೆ ಉಳಿದ ಅಲ್ಪಸ್ವಲ್ಪ ವಾಸನೆಯನ್ನು ಹೊರಗೆ ಬಿಡುವುದಿಲ್ಲ. ಓಝೋನ್ ಯಂತ್ರವನ್ನು ಬಾಡಿಗೆಗೆ ತರಬಹುದೇ ಎಂದು ನಗರದ ಕೆಲವರು ಕೇಳಿದ್ದಾರೆ. ಓಝೋನು ಶ್ವಾಸಕೋಶಕ್ಕೆ ಹಾನಿಕರ, ಬಾಗಿಲಿನ ರಬ್ಬರಿನ ಪಟ್ಟಿಯನ್ನೂ ಕೆಡಿಸುತ್ತದೆ. ಮನೆಮಂದಿ ವಾಸಿಸುವ ಕೋಣೆಯಲ್ಲಿ ಅದನ್ನು ನಾನು ಒಪ್ಪಲಾರೆ.

ಕೊನೆಯದಾಗಿ, ಈ ತೊಂದರೆಯ ಮೂಲದಲ್ಲಿ ಬಹುಮಟ್ಟಿಗೆ ಇರುವುದು ಇಲಿಪಾಷಾಣ. ಪಾಷಾಣ ತಿಂದ ಇಲಿ ಬಾಯಾರಿ ನೀರನ್ನು ಹುಡುಕುತ್ತ ಮನೆಯಿಂದ ಹೊರಗೆ ಹೋಗಿ ಸಾಯುತ್ತದೆಂಬ ನಂಬಿಕೆ ಊರೂರಿನಲ್ಲಿದೆ, ಅದಕ್ಕೆ ಆಧಾರವಿಲ್ಲ. 1948ರಲ್ಲಿ ಬಳಕೆಗೆ ಬಂದ ವಾರ್ಫರಿನ್, ಈಗ ಬಿಲ್ಲೆಗಳಾಗಿ ಮಾರಾಟವಾಗುವ ಬ್ರೋಮಾಡಿಯೊಲೋನ್ ಮುಂತಾದವು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೆಲವು ದಿನಗಳ ತರುವಾಯ ಇಲಿಯನ್ನು ಕೊಲ್ಲುತ್ತವೆ. ಆ ದಿನಗಳಲ್ಲಿ ಬಲಗುಂದಿದ ಪ್ರಾಣಿ ಕತ್ತಲೆಯ, ಇಕ್ಕಟ್ಟಿನ, ಯಾರೂ ಕೈಯಿಡದ ಜಾಗವನ್ನೇ ಆರಿಸಿಕೊಳ್ಳುತ್ತದೆ. ಪಾಷಾಣವಿಟ್ಟ ಮನೆಯಲ್ಲಿ ತಿಜೋರಿಯ ಅಡಿಗಿಂತ ಅಂಥ ಜಾಗ ಇನ್ನಾವುದಿದ್ದೀತು? ಇಲಿಬೋನಿನಲ್ಲಿ ಸಿಕ್ಕ ಇಲಿ ಎಲ್ಲಿದೆಯೆಂಬುದಾದರೂ ನಮಗೆ ಗೊತ್ತಿರುತ್ತದೆ. ಆದ್ದರಿಂದ ಮನೆಯೊಳಗೆ ಬೋನು ಸಾಕು, ಪಾಷಾಣ ಬೇಡ. ಜೊತೆಗೆ ಪೆಟ್ಟಿಗೆಯ ಬೆನ್ನನ್ನೂ ತಳವನ್ನೂ ಒಮ್ಮೆ ದೀಪ ಹಿಡಿದು ನೋಡಿ. ಮನೆಯ ಚಿಕ್ಕ ಇಲಿಗೆ ಆರು ಮಿಲಿಮೀಟರಿನ ತೂತು, ಎಂದರೆ ಪೆನ್ಸಿಲು ತೂರುವಷ್ಟು ಜಾಗವಿದ್ದರೆ ಸಾಕು. ಬೋಲ್ಟಿರಬೇಕಾದ ಕಡೆ ಬೋಲ್ಟು ಹಾಕಿಸಿ, ಉಳಿದ ತೂತುಗಳಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ತುರುಕಿ ಮೇಲೆ ಸಿಮೆಂಟು ಮೆತ್ತಿಸಿ. ಮರದ ಬೆಣೆಯನ್ನೋ ಬಟ್ಟೆಯನ್ನೋ ತುರುಕಿದರೆ ಇಲಿ ಅದನ್ನು ಕಡಿದು ಹಾಕುತ್ತದೆ.